ನಿಮಗಿದು ಗೊತ್ತೇ? ಯಲ್ಲಮ್ಮನ ಗುಡ್ಡ ಹತ್ತಿದವರೂ ನೋಡದೆ ಬಂದ ಸವದತ್ತಿ

ಸಾಲಹಳ್ಳಿ, ರಾಮದುರ್ಗ, ಯರಗಟ್ಟಿ ಕಡೆ ಯಾರಾದರೂ ‘ಗುಡ್ಡಕ್ಕ ಹೋಗಿ ಬಂದ್ವಿ’ ಎಂದರೆ ಯಾವ ಗುಡ್ಡ ಎಂದು ತಿರುಗಿ ಕೇಳುವವರಿಲ್ಲ. ಅದು ಸವದತ್ತಿ ಯಲ್ಲಮ್ಮನ ಗುಡ್ಡವೇ. ಹರಕೆ ತೀರಿಸಿ, ಪಡಲಗಿ ತುಂಬಿಸಿ, ಹಣೆತುಂಬ ಭಂಡಾರ ಹಚ್ಚಿಕೊಂಡು ಸಂಜೆಯೊಳಗೆ ಮನೆ ಸೇರುವುದು ನಮ್ಮ ರೂಢಿ. ಆದರೆ ಆ ಊರಿನಲ್ಲಿ, ಅದರ ಸುತ್ತ, ಎರಡು ಕೋಟೆಗಳಿವೆ, ಸಾವಿರ ವರ್ಷ ದಾಟಿದ ಶಾಸನಗಳಿವೆ, ಗುಡ್ಡ ಸೀಳಿಕೊಂಡು ಹರಿದ ಹೊಳೆ ಇದೆ, ಅರಸರು ಆಳಿದ ನೆಲ ಇದೆ. ಗುಡ್ಡದ ಮೇಲಿನ ಹಳೆಯ ಯಾತ್ರಾಸ್ಥಳ ನೋಡಬೇಕೆಂದು ಜನ ಇಟಲಿಯ ಅಸ್ಸಿಸಿಗೆ ವಿಮಾನ ಹತ್ತಿ ಹೋಗುತ್ತಾರೆ. ನಮಗೆ ಬಸ್ಸು ಸಾಕು. ಕಣ್ಣು ಮಾತ್ರ ತೆರೆದಿರಬೇಕು.

ಅರಸರು ಆಳಿದ ಊರು

1. ಇಂದು ತಾಲೂಕು ಕೇಂದ್ರವಾಗಿರುವ ಸವದತ್ತಿ ಒಂದು ಕಾಲಕ್ಕೆ ರಾಜಧಾನಿ. ಶಾಸನಗಳಲ್ಲಿ ಇದರ ಹೆಸರು ಸುಗಂಧವರ್ತಿ. ಇಲ್ಲಿಂದ ಆಳಿದವರು ರಟ್ಟರು. ಮೊದಲು ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದವರು. ಅವರ ನಾಡಿನ ಹೆಸರು ಕೂಂಡಿ ಮೂರು ಸಾವಿರ.

2. ರಟ್ಟರು ತಮ್ಮನ್ನು ‘ಲಟ್ಟಲೂರು ಪುರವರಾಧೀಶ್ವರ’ ಎಂದು ಕರೆದುಕೊಂಡರು. ಲಟ್ಟಲೂರು ಎಂದರೆ ಇಂದಿನ ಮಹಾರಾಷ್ಟ್ರದ ಲಾತೂರು. ರಾಷ್ಟ್ರಕೂಟರ ಬಿರುದೂ ಇದೇ. ‘ನಾವು ಸಾಮಂತರಾದರೂ ಚಕ್ರವರ್ತಿಗಳ ಬಳ್ಳಿಯವರು’ ಎಂದು ಸಾರಿಕೊಳ್ಳುವ ದಾರಿ ಅದು.

3. ಯಲ್ಲಮ್ಮನ ಹೆಸರಿನಿಂದಲೇ ನಾಡಿಗೆ ಗೊತ್ತಿರುವ ಈ ಊರಿನ ಅತ್ಯಂತ ಹಳೆಯ ಶಾಸನಗಳು ಹೇಳುವುದು ಜೈನ ಬಸದಿಗಳ ಸುದ್ದಿ. ರಟ್ಟ ಪೃಥ್ವೀರಾಮನ ದಾನವನ್ನು ಹೇಳುವ ಶಾಸನದಲ್ಲಿ ಶಕವರ್ಷ 797, ಎಂದರೆ ಕ್ರಿ.ಶ. 875ರ ಉಲ್ಲೇಖವಿದೆ. 980ರಲ್ಲಿ ರಟ್ಟ ಶಾಂತಿವರ್ಮ ಇಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟುಕೊಟ್ಟ.

4. ಅದೇ 980ರ ಇನ್ನೊಂದು ಶಾಸನ ಬೈಲಹೊಂಗಲ ಸೀಮೆಯ ಸೊಗಲದಲ್ಲಿದೆ. ಎರಡೂ ಚಾಲುಕ್ಯ ಇಮ್ಮಡಿ ತೈಲಪನ ಕಾಲದವು. ರಾಷ್ಟ್ರಕೂಟರನ್ನು ಇಳಿಸಿ ತೈಲಪ ಪಟ್ಟಕ್ಕೆ ಬಂದದ್ದು 973ರಲ್ಲಿ. ಏಳು ವರ್ಷದೊಳಗೆ ನಮ್ಮ ಸೀಮೆಯ ಕಲ್ಲುಗಳ ಮೇಲೆ ಹೊಸ ಒಡೆಯನ ಹೆಸರು ಬಿದ್ದಾಗಿತ್ತು.

5. ಯಲ್ಲಮ್ಮನ ಕಥೆಯಲ್ಲಿ ವೈರಿ ಯಾರು? ಆಕೆಯ ಗಂಡ ಜಮದಗ್ನಿಯನ್ನು ಕೊಂದ ಕಾರ್ತವೀರ್ಯಾರ್ಜುನ. ಅದೇ ಯಲ್ಲಮ್ಮನ ಊರನ್ನು ಆಳಿದ ರಟ್ಟರಲ್ಲಿ ಕಾರ್ತವೀರ್ಯ ಎಂಬ ಹೆಸರಿನ ಅರಸರು ನಾಲ್ವರು! ಕಥೆಯ ಖಳನಾಯಕನ ಹೆಸರು ಅರಮನೆಯಲ್ಲಿ ಗೌರವದ ಹೆಸರಾಗಿತ್ತು.

6. ಸವದತ್ತಿಯ ಅಂಕೇಶ್ವರ ಗುಡಿಗೆ ಆ ಹೆಸರು ಬಂದದ್ದು ರಟ್ಟ ಅರಸ ಅಂಕನಿಂದ. ಅವನ ಶಾಸನದ ಕಾಲ 1048. ಊರೊಳಗಿನ ಪುರದೇಶ್ವರ ಗುಡಿಯೂ ಹಳೆಯದೇ. ಗುಡ್ಡಕ್ಕೆ ಬರುವವರಲ್ಲಿ ನೂರಕ್ಕೆ ಒಬ್ಬರೂ ಇತ್ತ ಹಾಯುವುದಿಲ್ಲ.

7. ಜೈನ ಮುನಿಯೊಬ್ಬರು ರಾಜಗುರುವಾಗಿ, ರಾಜ್ಯದ ಕಾರಭಾರವನ್ನೂ ನಡೆಸಿ, ದಂಡಿನ ಮುಂದೆಯೂ ನಿಂತ ಉದಾಹರಣೆ ಬೇಕೇ? ನಾಲ್ಮಡಿ ಕಾರ್ತವೀರ್ಯ ಮತ್ತು ಅವನ ಮಗ ಇಮ್ಮಡಿ ಲಕ್ಷ್ಮೀದೇವನ ಕಾಲದ ಮುನಿಚಂದ್ರದೇವರನ್ನು ನೋಡಿ. ಶಕವರ್ಷ 1151ರ ಸವದತ್ತಿ ಶಾಸನ ಅವರನ್ನು ಹಾಡಿ ಹೊಗಳುತ್ತದೆ. ಅವರಿಗೆ ಸಿಕ್ಕ ಬಿರುದು ‘ರಟ್ಟರಾಜ್ಯ ಪ್ರತಿಷ್ಠಾಚಾರ್ಯ’.

8. ಬೆಳಗಾವಿ ಕೋಟೆಯ ಕಮಲ ಬಸದಿಯ ಬೇರೂ ಸವದತ್ತಿಯಲ್ಲೇ ಇದೆ. ರಟ್ಟರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ಒಯ್ದ ಮೇಲೆ ನಾಲ್ಮಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಅದನ್ನು ಕಟ್ಟಿಸಿದ. ಆ ಕಾಲದ ಬೆಳಗಾವಿಯ ಎರಡು ಶಾಸನಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ.

9. ಹಳಗನ್ನಡದ ಚಂಪೂ ಕವಿ ಪಾರ್ಶ್ವಪಂಡಿತನಿಗೆ ಆಶ್ರಯ ಕೊಟ್ಟದ್ದೂ ಈ ರಟ್ಟರೇ. ‘ಪಾರ್ಶ್ವನಾಥ ಪುರಾಣ’ದ ಕಾಲ 1222.

10. ರಟ್ಟರ ಆಳಿಕೆ ಮುಗಿದದ್ದು 1230ರ ದಶಕದಲ್ಲಿ. ದೇವಗಿರಿಯ ಸೇವುಣರ ದಂಡನಾಯಕ ಬೀಚಣ ಅವರನ್ನು ಅಡಗಿಸಿದ. ಮೂರೂವರೆ ಶತಮಾನ ಬಾಳಿದ ಮನೆತನದ ಹೆಸರು ಆಮೇಲೆ ಕಲ್ಲುಗಳಲ್ಲಷ್ಟೇ ಉಳಿಯಿತು.

ಎರಡು ಕೋಟೆ

11. ಊರ ನಡುವೆ ಎದ್ದು ಕಾಣುವ ಸವದತ್ತಿ ಕೋಟೆ ರಟ್ಟರದ್ದಲ್ಲ. ಅದು 18ನೆಯ ಶತಮಾನದ್ದು. ನವಲಗುಂದ–ಶಿರಸಂಗಿ ದೇಸಗತಿಯ ಜಾಯಪ್ಪ ದೇಸಾಯಿ ಕಟ್ಟಿಸಿದ್ದು. ಎಂಟು ಕೊತ್ತಲಗಳ ಈ ಕೋಟೆಯೊಳಗೆ ಕಾಡಸಿದ್ಧೇಶ್ವರ ಗುಡಿ ಇದೆ. ಕೊತ್ತಲ ಹತ್ತಿ ನಿಂತರೆ ಸವದತ್ತಿಯ ಹೆಂಚಿನ ಮನೆ, ಮಾಳಿಗೆ ಮನೆಗಳೆಲ್ಲ ಕಾಲಬುಡದಲ್ಲಿ.

12. ಅದೇ ದೇಸಗತಿಯ ಕೊನೆಯ ದೊಡ್ಡ ಹೆಸರು ಶಿರಸಂಗಿ ಲಿಂಗರಾಜರು (1861–1906). ಮಕ್ಕಳಿಲ್ಲದ ಅವರು ಇಡೀ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. 1933ರಲ್ಲಿ ಶುರುವಾದ ಬೆಳಗಾವಿಯ ಲಿಂಗರಾಜ ಕಾಲೇಜು ಹೊತ್ತಿರುವುದು ಅವರ ಹೆಸರನ್ನೇ. ಅಜ್ಜಂದಿರು ಕೋಟೆ ಕಟ್ಟಿದರು, ಮೊಮ್ಮಗ ಓದಿಗೆ ಆಸ್ತಿ ಬಿಟ್ಟ.

13. ಎರಡನೆಯದು ಪರಸಗಡ ಕೋಟೆ. ಸವದತ್ತಿಯ ದಕ್ಷಿಣಕ್ಕಿರುವ ಗುಡ್ಡದ ಮೇಲೆ ಇದೆ. ಕಟ್ಟಿದವರು ಯಾರು ಎಂದು ಊರವರನ್ನು ಕೇಳಿ, ಶಿವಾಜಿ ಮಹಾರಾಜರ ಹೆಸರು ಹೇಳುತ್ತಾರೆ.

14. ನಿಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಜಮೀನಿನ ಕಾಗದ ಇದ್ದರೆ ತೆಗೆದು ನೋಡಿ. ಮುಂಬೈ ಸರಕಾರದ ಕಾಲದಲ್ಲಿ ಸವದತ್ತಿ ತಾಲೂಕು ಎಂಬುದೇ ಇರಲಿಲ್ಲ. ಇದ್ದದ್ದು ‘ಪರಸಗಡ ತಾಲೂಕು’.

15. ಶಿವಾಜಿಯ ದಂಡು ದಕ್ಷಿಣದಿಂದ ಮರಳುವಾಗ ಅದನ್ನು ತಡೆದು ನಿಂತ ಬೆಳವಡಿ ಮಲ್ಲಮ್ಮನ ಊರು ಇಲ್ಲಿಂದ ದೂರವಿಲ್ಲ. ಬೈಲಹೊಂಗಲ ತಾಲೂಕಿನ ಬೆಳವಡಿ ಅದು.

ಏಳು ಕೊಳ್ಳದ ತಾಯಿ

16. ನಾವೆಲ್ಲ ‘ಸವದತ್ತಿ ಯಲ್ಲಮ್ಮ’ ಎನ್ನುತ್ತೇವೆ. ಆದರೆ ಗುಡಿ ಇರುವುದು ಸವದತ್ತಿಯಿಂದ ಸುಮಾರು 5 ಕಿ.ಮೀ. ಆಚೆ, ಉಗರಗೋಳದ ಹದ್ದಿಯಲ್ಲಿ.

17. ಗುಡ್ಡಕ್ಕೆ ಸಿದ್ಧಾಚಲ, ರಾಮಗಿರಿ ಎಂಬ ಹೆಸರುಗಳೂ ಇವೆ. ಭಕ್ತರ ಬಾಯಲ್ಲಿ ಮಾತ್ರ ಆಕೆ ‘ಏಳು ಕೊಳ್ಳದ ಯಲ್ಲಮ್ಮ’. ಗುಡ್ಡದ ಸಾಲು ಮಡಚಿಕೊಂಡಂತಿರುವ ಕೊಳ್ಳಗಳನ್ನು ದಾಟಿ ಕಾಲ್ನಡಿಗೆಯಲ್ಲಿ ಬಂದವರಿಗೆ ಈ ಮಾತಿನ ಅರ್ಥ ಕಾಲಿಗೇ ತಿಳಿದಿರುತ್ತದೆ.

18. ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಜಿಲ್ಲಾ ಗ್ಯಾಜೆಟಿಯರ್ ಹೇಳುತ್ತದೆ. ಆ ಹೊತ್ತಿಗೆ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ.

19. ಗುಡ್ಡಕ್ಕೆ ನೇರ ಹೋಗುವಂತಿಲ್ಲ! ಪದ್ಧತಿಯಂತೆ ಮೊದಲು ಬುಡದಲ್ಲಿರುವ ಜೋಗುಳಬಾವಿಯಲ್ಲಿ ಸ್ನಾನ, ಸತ್ಯಮ್ಮನ ದರ್ಶನ. ಆಮೇಲಷ್ಟೇ ಮೇಲಿನ ದಾರಿ. ಗಂಡನ ಶಾಪದಿಂದ ಮೈಯೆಲ್ಲ ಹುಣ್ಣಾದ ರೇಣುಕೆಯನ್ನು, ಎಂದರೆ ಯಲ್ಲಮ್ಮನನ್ನು, ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ವಾಸಿ ಮಾಡಿದರೆಂಬ ಕಥೆ ಈ ಬಾವಿಗೆ ಅಂಟಿಕೊಂಡಿದೆ. ಮೈಮೇಲಿನ ಬೇನೆ ಕಳೆಯಲೆಂದು ಹರಕೆ ಹೊತ್ತವರು ಇಲ್ಲಿ ಮಿಂದು ಬೇವಿನ ಉಡುಗೆ ಉಡುತ್ತಿದ್ದುದು ಅದೇ ನಂಬಿಕೆಯಿಂದ.

20. ಗುಡಿಯ ಸುತ್ತ ಕುಂಕುಮ ಕುಂಡ, ಅರಿಷಿಣ ಕುಂಡ, ಯೋನಿ ಕುಂಡ ಎಂಬ ಮೂರು ಕುಂಡಗಳಿವೆ. ಮಿಂದು ಬರುವ ಇನ್ನೊಂದು ಜಾಗ ಎಣ್ಣೆಹೊಂಡ. ಪರಶುರಾಮ, ಮಲ್ಲಿಕಾರ್ಜುನ, ಗಣಪತಿ, ಮಾತಂಗಿ ಎಲ್ಲರಿಗೂ ಇಲ್ಲಿ ಜಾಗವಿದೆ. ಅವ್ವನ ದರ್ಶನದ ಪಾಳಿಯಲ್ಲಿ ತಾಸುಗಟ್ಟಲೆ ನಿಂತವರು ಮಗ ಪರಶುರಾಮನ ಗುಡಿಗೆ ಹೋಗದೆ ಹಾಗೇ ಇಳಿದುಬಿಡುತ್ತಾರೆ.

21. ರೇಣುಕೆ ದಿನಾ ಹೊಳೆಗೆ ಹೋಗಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ, ತಲೆಯ ಮೇಲೆ ನೀರು ತರುತ್ತಿದ್ದಳೆಂಬುದು ಕಥೆ. ಆ ಹೊಳೆ ಮಲಪ್ರಭೆ. ಅದೇ ಹೊಳೆ ಮುಂದೆ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿಯುತ್ತದೆ. ತಾಯಿ ನೀರು ತಂದ ಹೊಳೆಯಲ್ಲೇ ಮಗ ಪರಶುರಾಮ ರಕ್ತ ಹತ್ತಿದ ಕೊಡಲಿ ತೊಳೆದನೆಂದು ಐಹೊಳೆಯವರು ಹೇಳುತ್ತಾರೆ.

22. ರೇಣುಕೆ ಒಬ್ಬಳೇ, ಊರು ಹಲವು. ಸೊರಬ ತಾಲೂಕಿನ ಚಂದ್ರಗುತ್ತಿ, ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಮಾಹೂರು, ತಮಿಳುನಾಡಿನ ಪಡವೇಡು, ಹೈದರಾಬಾದಿನ ಬಲ್ಕಂಪೇಟೆ ಎಲ್ಲ ಕಡೆ ಆಕೆಯ ಗುಡಿಗಳಿವೆ. ಅಥಣಿ ತಾಲೂಕಿನ ಕೊಕಟನೂರಿನ ಯಲ್ಲಮ್ಮನ ಜಾತ್ರೆಯೂ ದೊಡ್ಡದೇ.

ಹುಣ್ಣಿಮೆಯ ಲೆಕ್ಕ

23. ಗುಡ್ಡದ ಕ್ಯಾಲೆಂಡರ್ ನಡೆಯುವುದು ಹುಣ್ಣಿಮೆಗಳ ಮೇಲೆ. ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಆಮೇಲೆ ದವನದ ಹುಣ್ಣಿಮೆ. ಸುಗ್ಗಿಯ ಕಾಲಕ್ಕೂ ಜಾತ್ರೆಯ ಕಾಲಕ್ಕೂ ಇರುವ ನಂಟು ಈ ಪಟ್ಟಿಯಲ್ಲೇ ಕಾಣುತ್ತದೆ. ಮುಂಗಾರಿ ಪೀಕು ಕೈಗೆ ಬಂದು, ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ತಿಂಗಳುಗಳವು.

24. ದೇವಿಗೂ ವೈಧವ್ಯ ಬರುವುದನ್ನು ಎಲ್ಲಿಯಾದರೂ ಕೇಳಿದ್ದೀರಾ? ಹೊಸ್ತಿಲ ಹುಣ್ಣಿಮೆಗೆ, ಜಮದಗ್ನಿ ಹತನಾದ ನೆನಪಿಗೆ, ಯಲ್ಲಮ್ಮನ ಕಂಕಣ ಮಂಗಳಸೂತ್ರ ವಿಸರ್ಜನೆಯಾಗುತ್ತದೆ. ಬಂದ ಹೆಂಗಸರು ತಮ್ಮ ಬಳೆಗಳನ್ನೂ ಒಡೆದುಕೊಳ್ಳುತ್ತಾರೆ. ಎರಡು ತಿಂಗಳು ಕಳೆದು ಭಾರತ ಹುಣ್ಣಿಮೆ ಬಂದಾಗ ದೇವಿ ಮತ್ತೆ ಮುತ್ತೈದೆ. ಆ ದಿನ ಗುಡ್ಡದ ತುಂಬ ಹಸಿರು ಬಳೆಯ ಅಂಗಡಿ, ಕೈತುಂಬ ಬಳೆ. ಜನ ಇದನ್ನು ‘ಮುತ್ತೈದೆ ಹುಣ್ಣಿಮೆ’ ಎಂದೇ ಕರೆಯುವುದು.

25. ಪಡಲಗಿ ಎಂದರೆ ದೇವಿಯ ಎಡೆ ತುಂಬುವ ಬುಟ್ಟಿ. ಅದು ತುಂಬುವ ಬಗೆ ನೋಡುವಂಥದ್ದು. ಚಕ್ಕಡಿ ಕೊಳ್ಳ ಬಿಚ್ಚಿ, ಎತ್ತಿಗೆ ಕಣಿಕಿ ಹಾಕಿ, ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಹೋಳಿಗೆ, ಕಡಬು, ಅನ್ನ, ಬದನೆಕಾಯಿ ಪಲ್ಯ, ಸಜ್ಜಿ ರೊಟ್ಟಿ, ಮನೆಯಿಂದ ತಂದ ಶೇಂಗಾ ಹಿಂಡಿ. ಎಲ್ಲವನ್ನೂ ಬುಟ್ಟಿಯಲ್ಲಿ ಒಪ್ಪವಾಗಿ ಇಟ್ಟು, ಮೇಲೆ ಭಂಡಾರ ಉದುರಿಸಿ, ನಡುವೆ ದೀಪ ಹಚ್ಚಿ, ಜೋಗತಿಯರನ್ನು ಕರೆದು ‘ಉಧೋ ಉಧೋ’ ಎನ್ನುವಾಗ ಮನೆಯ ಸಣ್ಣ ಮಗುವೂ ಕೈ ಎತ್ತುತ್ತದೆ. ಆಮೇಲೆ ಪಕ್ಕದ ಚಕ್ಕಡಿಯವರಿಗೂ ಒಂದು ತುತ್ತು ಹೋಗಲೇಬೇಕು. ಗುರುತು ಪರಿಚಯ ಬೇಕಿಲ್ಲ.

26. ಜೋಗತಿಯರು ಮೀಟುವ ಚೌಡಕಿಯನ್ನು ಹತ್ತಿರದಿಂದ ನೋಡಿ. ಎರಡೂ ಕಡೆ ತೆರೆದ ಕೊಳವಿಯಂಥ ಒಡಲು. ಕೆಳಬಾಯಿಗೆ ತೊಗಲು ಬಿಗಿದಿರುತ್ತದೆ. ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ ಮೇಲಿನ ಕೋಲಿನ ಗೂಟಕ್ಕೆ ಬಿಗಿಯುತ್ತದೆ. ಬಗಲಲ್ಲಿ ಅವುಚಿಕೊಂಡು ಮೀಟಿದರೆ ತಾಳವೂ ಬಂತು, ಶ್ರುತಿಯೂ ಬಂತು. ಇಡೀ ರಾತ್ರಿ ಯಲ್ಲಮ್ಮನ ಕಥೆ ಹಾಡಲು ಇಷ್ಟೇ ಸಾಕು.

27. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ಕಲೆಯನ್ನು ದೆಹಲಿಯ ರಾಷ್ಟ್ರಪತಿ ಭವನದವರೆಗೆ ಒಯ್ದವರು ಮಂಜಮ್ಮ ಜೋಗತಿ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ.

28. ಕೊಲ್ಲಾಪುರದವರಿಗೆ ಈ ಗುಡ್ಡ ಪರರಾಜ್ಯವಲ್ಲ. ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ ಅಲ್ಲಿಂದ ಬಸ್ಸಿಗೆ ಬಸ್ಸೇ ಬರುತ್ತವೆ. ಮರಳಿ ಊರು ಮುಟ್ಟಿದ ಮೇಲೆ ಕೊಲ್ಲಾಪುರದ ರೇಣುಕೆಯ ಗುಡಿಯಲ್ಲಿ ಅಂಬಲಿ ಯಾತ್ರೆ ನಡೆಯುತ್ತದೆ. ಗಡಿಯ ತಂಟೆ ಪೇಪರಿನಲ್ಲಿ ಎಷ್ಟೇ ಕಾವೇರಿದ್ದರೂ ಜಾತ್ರೆಯ ಬಸ್ಸು ನಿಂತರೆ ಎರಡೂ ಕಡೆಯವರಿಗೆ ಸಂಕಟವೇ.

ಮರೆಯಬಾರದ ಕಹಿ

29. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಡುವ ಪದ್ಧತಿಗೆ ಈ ಗುಡ್ಡದ ಹೆಸರೂ ತಗಲಿಕೊಂಡಿತ್ತು. ಮುಂಬೈ ಪ್ರಾಂತದಲ್ಲಿ 1934ರಲ್ಲೇ ಇದರ ವಿರುದ್ಧ ಕಾಯ್ದೆ ಬಂತು. ಕರ್ನಾಟಕದ ಕಾಯ್ದೆ 1982ರದು, 1984ರಲ್ಲಿ ಜಾರಿಯಾಯಿತು. ಮುತ್ತು ಕಟ್ಟಿಸಿದ ತಂದೆತಾಯಿಗೂ ಅದು ಶಿಕ್ಷೆ ಇಟ್ಟಿತು.

30. ಕಾಯ್ದೆಯಿಂದ ಆಗದ ಕೆಲಸವನ್ನು ಆ ಹೆಣ್ಣುಮಕ್ಕಳೇ ಮಾಡಿದರು. ಮಾಜಿ ದೇವದಾಸಿಯರೇ ಸೇರಿ ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಕಟ್ಟಿದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯ ಕೇಂದ್ರ ಘಟಪ್ರಭಾದಲ್ಲಿದೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಹೊಳೆ, ಕಲ್ಲು, ಆಣೆಕಟ್ಟು

31. ಭೂವಿಜ್ಞಾನಿಗಳ ಪುಸ್ತಕದಲ್ಲಿ ನಮ್ಮ ಊರುಗಳ ಹೆಸರು ಇವೆ ಎಂದರೆ ನಂಬುತ್ತೀರಾ? ಕಲಾದಗಿ ಶಿಲಾಸಮೂಹದ ಒಂದು ಪದರಿಗೆ ‘ಸವದತ್ತಿ ಕ್ವಾರ್ಟ್ಜೈಟ್’ ಎಂದು ಹೆಸರು. ಅದು ಸೇರುವ ದೊಡ್ಡ ಗುಂಪಿನ ಹೆಸರು ‘ರಾಮದುರ್ಗ ಫಾರ್ಮೇಶನ್’. ಗುಡ್ಡ ಹತ್ತುವಾಗ ಕಾಲಿಗೆ ಒತ್ತುವ ಈ ಗಟ್ಟಿ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಕೂತ ಮರಳು.

32. ಸವದತ್ತಿ–ಮುನವಳ್ಳಿ ನಡುವೆ ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಅದೇ ನವಿಲುತೀರ್ಥ. ಹೊಳೆ ದಾರಿ ಕಾಣದೆ ಗುಡ್ಡದ ಮುಂದೆ ನಿಂತಾಗ ನವಿಲು ಕೂಗಿ ಕರೆಯಿತು, ಗುಡ್ಡ ಬಾಯಿಬಿಟ್ಟಿತು ಎಂಬುದು ಜನರ ಕಥೆ. ಮೆತ್ತಗಿನ ಜಾಗ ಹುಡುಕಿ ಬಹುಕಾಲ ಕೊರೆದು ಹೊಳೆ ತಾನೇ ದಾರಿ ಮಾಡಿಕೊಂಡಿತು ಎಂಬುದು ವಿಜ್ಞಾನದ ಮಾತು.

33. ಆ ಸೀಳಿಗೇ ಅಡ್ಡಲಾಗಿ 1970ರ ದಶಕದಲ್ಲಿ ಆಣೆಕಟ್ಟು ಎದ್ದಿತು. ಜಲಾಶಯಕ್ಕೆ ‘ರೇಣುಕಾ ಸಾಗರ’ ಎಂದು ದೇವಿಯ ಹೆಸರೇ. ತುಂಬಿದರೆ 37.73 ಟಿಎಂಸಿ ನೀರು. ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೆ ನೀರು ಹೋಗುವುದು ಇಲ್ಲಿಂದ.

34. ಇದೇ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದದ್ದು 1980ರಲ್ಲಿ. ನವಲಗುಂದ, ನರಗುಂದಗಳಲ್ಲಿ ಜುಲೈ 21ರಂದು ಗೋಲಿಬಾರ್ ಆಯಿತು. ರಾಜ್ಯದ ರೈತ ಚಳವಳಿಗೆ ಕಿಡಿ ಬಿದ್ದದ್ದು ಅಲ್ಲಿಯೇ. ಇಂದಿಗೂ ಆ ದಿನ ರೈತ ಹುತಾತ್ಮ ದಿನ.

35. ಕಳಸಾ–ಬಂಡೂರಿ ಎಂದು ಕೂಗುವುದು ಯಾತಕ್ಕೆ? ಮಹದಾಯಿ ಕೊಳ್ಳದ ಆ ಹಳ್ಳಗಳಿಂದ ಈ ರೇಣುಕಾ ಸಾಗರಕ್ಕೆ ನೀರು ತರಲು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ತಿರುಗಿಸಲು ಒಪ್ಪಿತು.

36. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಬಸವಣ್ಣನವರು ಐಕ್ಯರಾದದ್ದು ಆ ಸಂಗಮದಲ್ಲಿ. ಅವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪ ಇರುವುದು ಕಿತ್ತೂರು ಸೀಮೆಯ ಮುಗಟಖಾನ ಹುಬ್ಬಳ್ಳಿಯಲ್ಲಿ, ಇದೇ ಹೊಳೆಯ ಒಡಲಲ್ಲಿ.

ಅತ್ತ ಅಸ್ಸಿಸಿ, ಇತ್ತ ಸವದತ್ತಿ

37. ಇಟಲಿಯ ಅಸ್ಸಿಸಿ ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿದೆ. ಸಂತ ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಅವರ ಹೆಸರಿನ ದೊಡ್ಡ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1228ರಲ್ಲಿ. ಇತ್ತ ಸವದತ್ತಿಯಲ್ಲಿ ಮುನಿಚಂದ್ರದೇವರ ಹೊಗಳಿಕೆ ಕಲ್ಲಿನ ಮೇಲೆ ಮೂಡುತ್ತಿದ್ದುದೂ ಹೆಚ್ಚುಕಡಿಮೆ ಆಗಲೇ.

38. ಅಲ್ಲಿಯೂ ಯಾತ್ರಿಕರು ಗುಡ್ಡದ ಬುಡದಲ್ಲಿ ಮೊದಲು ನಿಲ್ಲುತ್ತಾರೆ. ರೈಲು ನಿಲ್ದಾಣವೂ ಅಲ್ಲೇ ಕೆಳಗಿದೆ. ಫ್ರಾನ್ಸಿಸ್ ಪ್ರಾರ್ಥಿಸುತ್ತಿದ್ದ ಪುಟ್ಟ ಗುಡಿಯೊಂದನ್ನು ಒಳಗಿಟ್ಟುಕೊಂಡೇ ಅಲ್ಲಿ ಇನ್ನೊಂದು ದೊಡ್ಡ ಚರ್ಚು ಕಟ್ಟಿದ್ದಾರೆ. ನಮ್ಮ ಸವದತ್ತಿಗೆ ಮಾತ್ರ ಇನ್ನೂ ರೈಲಿಲ್ಲ. ಸುಮಾರು 40 ಕಿ.ಮೀ. ದೂರದ ಧಾರವಾಡದಲ್ಲೇ ಇಳಿಯಬೇಕು.

39. ಊರ ಮೇಲೆ ಕೋಟೆ ಅಲ್ಲೂ ಇದೆ, ಹೆಸರು ರೊಕ್ಕಾ ಮಜ್ಜೋರೆ. ಊರ ನಡುವಿನ ಚೌಕದಲ್ಲಿ ಎರಡು ಸಾವಿರ ವರ್ಷ ಹಿಂದಿನ ಮಿನರ್ವಾ ದೇವತೆಯ ಗುಡಿ ಇದೆ. ಆರು ಕಂಬಗಳು ಹಾಗೇ ನಿಂತಿವೆ, ಒಳಗೆ ಈಗ ಚರ್ಚು.

40. ಅಸ್ಸಿಸಿಯ ಸಂತ ಕ್ಲಾರಾ ಟಿ.ವಿ.ಯ ರಕ್ಷಕಿ! ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದಾಗ ದೂರದ ಪೂಜೆ ಆಕೆಗೆ ಗೋಡೆಯ ಮೇಲೆ ಕಂಡಿತಂತೆ. ಆ ಕಥೆ ಹಿಡಿದು 1958ರಲ್ಲಿ ಪೋಪ್ ಈ ಪದವಿ ಕೊಟ್ಟರು.

41. 1997ರ ಸೆಪ್ಟೆಂಬರ್ 26ರಂದು ಭೂಕಂಪಕ್ಕೆ ಸಂತ ಫ್ರಾನ್ಸಿಸ್ ಹೆಸರಿನ ಚರ್ಚಿನ ಚಾವಣಿ ಕುಸಿದು ಒಳಗಿದ್ದ ನಾಲ್ವರು ಸತ್ತರು. ನುಚ್ಚಾದ ಚಿತ್ರಗಳ ಚೂರುಗಳನ್ನು ಒಂದೊಂದಾಗಿ ಆಯ್ದು ಮತ್ತೆ ಜೋಡಿಸಿದರು. 2000ದಲ್ಲಿ ಅಸ್ಸಿಸಿ ಯುನೆಸ್ಕೊ ಪಟ್ಟಿ ಸೇರಿತು. ಬಿದ್ದ ಸುಣ್ಣದ ಚೂರನ್ನೂ ಅವರು ಕಸವೆಂದು ಎಸೆಯಲಿಲ್ಲ. ನಾವು ಶಾಸನದ ಕಲ್ಲಿನ ಮೇಲೆ ಬಣ್ಣ ಬಳಿಯುವುದನ್ನಾದರೂ ಬಿಡಬಹುದು.

42. ಗುಡ್ಡಕ್ಕೂ ದುಡ್ಡು ಬರುತ್ತಿದೆ. ಯಲ್ಲಮ್ಮನಗುಡ್ಡದ ಪ್ರವಾಸೋದ್ಯಮ ಬೆಳೆಸಲು ಕೇಂದ್ರ ಸರಕಾರ 2024ರಲ್ಲಿ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಒಂದು ದಿನ ಹೆಚ್ಚಿಗೆ ಇದ್ದರೆ

43. ಹೂಲಿ: ಸವದತ್ತಿಯ ಪೂರ್ವಕ್ಕೆ. ಪಂಚಲಿಂಗೇಶ್ವರ ಗುಡಿಯ ಕಂಬಗಳ ನಡುವೆ ನಡೆಯುವಾಗ ಮಾತು ತಾನೇ ತಗ್ಗುತ್ತದೆ. ಊರ ಸುತ್ತ ಬಿದ್ದ, ಬೀಳುತ್ತಿರುವ ಗುಡಿಗಳು ಇನ್ನೂ ಹಲವು.

44. ಶಿರಸಂಗಿ: ವಿಶ್ವಕರ್ಮರ ಆರಾಧ್ಯದೇವಿ ಕಾಳಿಕೆಯ ಊರು. ಯುಗಾದಿಯ ಹೊತ್ತಿಗೆ ಜಾತ್ರೆ.

45. ಸೊಗಲ: ಸೋಮೇಶ್ವರ ಗುಡಿ, ಪಕ್ಕದಲ್ಲೇ ಜಲಪಾತ. ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಎರಡಕ್ಕೂ ನ್ಯಾಯ.

46. ಗೊಡಚಿ: ರಾಮದುರ್ಗ ತಾಲೂಕಿನ ವೀರಭದ್ರ. ಜಾತ್ರೆ ಹೊಸ್ತಿಲ ಹುಣ್ಣಿಮೆಗೆ. ಗುಡ್ಡದಲ್ಲಿ ಬಳೆ ಒಡೆಯುವ ಹೊತ್ತಿಗೆ ಇಲ್ಲಿ ತೇರಿನ ಸಡಗರ.

47. ಸುರೇಬಾನ ಬಳಿಯ ಶಬರಿಕೊಳ್ಳ: ರಾಮನಿಗಾಗಿ ಕಾದ ಶಬರಿಯ ಗುಡಿ. ನೀರು, ನೆರಳು, ಮೌನ ಮೂರೂ ಸಿಗುವ ಜಾಗ.

48. ತೊರಗಲ್ಲು: ಮಲಪ್ರಭೆಯ ದಂಡೆಯ ಕೋಟೆ, ಭೂತನಾಥನ ಗುಡಿ. ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ ಶಿಂಧೆ ಮನೆತನದ ಜಹಗೀರು.

49. ದೇಗಾಂವಿ: ಕಿತ್ತೂರಿನ ಹತ್ತಿರ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ. ಶಿಲ್ಪಿ ತಿಪ್ಪೋಜ. ಕಟ್ಟಿಸಿದವಳೂ ಕೆತ್ತಿದವನೂ ಇಬ್ಬರೂ ಹೆಸರಿನಿಂದ ಗೊತ್ತಿರುವ ಗುಡಿಗಳು ಅಪರೂಪ.

50. ಕಿತ್ತೂರು, ಬೈಲಹೊಂಗಲ: 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮ ತೀರಿಕೊಂಡಳು. ಸಮಾಧಿ ಅಲ್ಲೇ ಇದೆ.

ಹೋಗುವವರಿಗೆ ನಾಲ್ಕು ಮಾತು

ಸಾಲಹಳ್ಳಿ ಕಡೆಯಿಂದ ಬರುವವರು ಯರಗಟ್ಟಿಗೆ ಬಂದು ಮುನವಳ್ಳಿ ಮೇಲೆ ಹಾದರೆ ನವಿಲುತೀರ್ಥ ದಾರಿಯಲ್ಲೇ ಸಿಗುತ್ತದೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಂದು ಪಾಳಿ ಉದ್ದ. ಊರು ನೋಡಬೇಕೆಂದರೆ ಬುಧವಾರವೋ ಗುರುವಾರವೋ ಹೊರಡಿ. ಬೆಳಿಗ್ಗೆ ಜೋಗುಳಬಾವಿ, ಗುಡ್ಡ, ಪರಶುರಾಮನ ಗುಡಿ; ಊಟದ ಮೇಲೆ ಸವದತ್ತಿ ಕೋಟೆ, ಅಂಕೇಶ್ವರ; ಮರುದಿನ ಹೂಲಿ, ಶಿರಸಂಗಿ. ಬಿಸಿಲಿಗೆ ಟೊಪ್ಪಿಗೆ, ಕುಡಿಯಲು ಮನೆಯ ನೀರು ಇರಲಿ.

ಇನ್ನೊಂದು ವಿನಂತಿ. ಮಿಂದ ಮೇಲೆ ಹಳೆ ಬಟ್ಟೆಯನ್ನು ನೀರಿನಲ್ಲಿ ಬಿಡಬೇಡಿ. ಎಣ್ಣೆಹೊಂಡದಲ್ಲಿ ಸಾಬೂನಿನ ಕಾಗದ, ಶಾಂಪೂ ಚೀಟಿ ಎಸೆಯಬೇಡಿ. ಪಡಲಗಿ ತುಂಬಿದ ಜಾಗದಲ್ಲಿ ಪ್ಲಾಸ್ಟಿಕ್ ತಾಟು ಬಿಟ್ಟು ಬರಬೇಡಿ. ಮುತ್ತುಗದೆಲೆಯ ಪತ್ರಾವಳಿ ಸಾಲಹಳ್ಳಿಯ ಸಂತೆಯಲ್ಲೇ ಕೊಂಡುಕೊಳ್ಳಬಹುದು. ಹೆಣ್ಣುಮಗುವಿಗೆ ಮುತ್ತು ಕಟ್ಟಿಸುವ ಮಾತು ಯಾರಾದರೂ ಆಡಿದರೆ ಸುಮ್ಮನಿರದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮ್ಮ ಊರ ಗುಡಿಯ ಮಗ್ಗುಲಲ್ಲೂ ಯಾರೂ ಓದದ ಶಾಸನದ ಕಲ್ಲೊಂದು ಬಿದ್ದಿದ್ದರೆ ಅದನ್ನು ಎತ್ತಿ ನೆರಳಲ್ಲಿ ನಿಲ್ಲಿಸಿ, ಪುರಾತತ್ವ ಇಲಾಖೆಗೊಂದು ಪತ್ರ ಬರೆಯಿರಿ.